ಇರಾನಿನ ತೆರೆಯ ಮೇಲೆ ಮಹಿಳೆ: ಮನೆಯೊಳಗೂ ತೆಗೆಯಲಾಗದ ಶಿರವಸ್ತ್ರ

ಇರಾನಿನ ಚಲನಚಿತ್ರಗಳನ್ನು ಮೊದಲ ಬಾರಿಗೆ ನೋಡುವವರಿಗೆ ಒಂದು ಸಂಗತಿ ವಿಚಿತ್ರವಾಗಿ ಕಾಣುವುದುಂಟು. ನಡುರಾತ್ರಿ ಎದ್ದು ಮಗುವನ್ನು ಸಮಾಧಾನಪಡಿಸುವ ತಾಯಿ, ಅಡುಗೆಮನೆಯಲ್ಲಿ ಗಂಡನೊಡನೆ ವಾದಿಸುವ ಹೆಂಡತಿ, ಕೋಣೆಯಲ್ಲಿ ಒಬ್ಬಳೇ ಕುಳಿತು ಅಳುವ ಯುವತಿ - ಎಲ್ಲರ ತಲೆಯ ಮೇಲೂ ವಸ್ತ್ರವಿರುತ್ತದೆ. ನಿಜಜೀವನದಲ್ಲಿ ಹೀಗಿರುವುದಿಲ್ಲ. ಗಂಡ, ಮಕ್ಕಳು, ಒಡಹುಟ್ಟಿದವರ ಎದುರು ತಲೆ ಮುಚ್ಚಿಕೊಳ್ಳಬೇಕೆಂದು ಧಾರ್ಮಿಕ ನಿಯಮವೂ ಹೇಳುವುದಿಲ್ಲ. ಆದರೆ ತೆರೆಯ ಮೇಲೆ ಅದು ಕಡ್ಡಾಯವಾಯಿತು.

ಇದರ ಹಿಂದಿನ ತರ್ಕ ಸರಳ. ಗಂಡ-ಹೆಂಡತಿಯಾಗಿ ನಟಿಸುವವರು ನಿಜವಾಗಿ ದಂಪತಿಗಳಲ್ಲ. ಅದಕ್ಕಿಂತ ಮುಖ್ಯವಾಗಿ, ಚಿತ್ರಮಂದಿರದಲ್ಲಿ ಕುಳಿತಿರುವ ಪುರುಷರು ನಟಿಗೆ ಪರಪುರುಷರು. ಹೀಗಾಗಿ ಕ್ಯಾಮೆರಾವನ್ನೇ ಪರಪುರುಷನ ಕಣ್ಣೆಂದು ಪರಿಗಣಿಸಲಾಯಿತು. ಈ ಒಂದು ನಿಯಮದಿಂದ ಮನೆಯೆಂಬುದು ತೆರೆಯ ಮೇಲೆ ಬೀದಿಯಾಗಿ ಬದಲಾಯಿತು. ಕಳೆದ 4 ದಶಕಗಳ ಇರಾನಿ ಚಿತ್ರರಂಗದಲ್ಲಿ ಮಹಿಳೆಯ ಚಿತ್ರಣವೆಂದರೆ, ಬಹುಮಟ್ಟಿಗೆ, ಈ ಸುಳ್ಳನ್ನು ಹೇಳದೆ ಸತ್ಯವನ್ನು ತೋರಿಸುವುದು ಹೇಗೆ ಎಂಬ ಪ್ರಶ್ನೆಗೆ ನಿರ್ದೇಶಕರು ಹುಡುಕಿದ ಉತ್ತರಗಳ ಇತಿಹಾಸ.

ಮುಂಬಯಿಯಲ್ಲಿ ಆರಂಭ

ಪರ್ಷಿಯನ್ ಭಾಷೆಯ ಮೊದಲ ವಾಕ್ಚಿತ್ರ ತಯಾರಾದದ್ದು ಇರಾನಿನಲ್ಲಲ್ಲ, ಅಂದಿನ ಬೊಂಬಾಯಿಯಲ್ಲಿ. 1931ರಲ್ಲಿ ‘ಆಲಂ ಆರಾ’ ನಿರ್ಮಿಸಿದ ಆರ್ದೇಶಿರ್ ಇರಾನಿಯವರ ಇಂಪೀರಿಯಲ್ ಫಿಲ್ಮ್ ಕಂಪನಿಯೇ ‘ದೋಖ್ತರ್-ಎ-ಲೊರ್’ ಅಥವಾ ‘ಲೊರ್ ಹುಡುಗಿ’ ಎಂಬ ಈ ಚಿತ್ರವನ್ನು ನಿರ್ಮಿಸಿತು. ಅಬ್ದುಲ್ ಹುಸೇನ್ ಸೆಪಂತಾ ಅದರ ಲೇಖಕ ಹಾಗೂ ನಾಯಕ. 1933ರಲ್ಲಿ ತೆಹರಾನಿನಲ್ಲಿ ತೆರೆಕಂಡ ಚಿತ್ರ ಭಾರಿ ಯಶಸ್ಸು ಗಳಿಸಿತು.

ಚಹಾ ಅಂಗಡಿಯಲ್ಲಿ ನರ್ತಿಸುವ ಗುಲ್ನಾರ್ ಪಾತ್ರವನ್ನು ನಿರ್ವಹಿಸಿದವರು ರೂಹಂಗೀಜ್ ಸಾಮಿನೆಜಾದ್. ಪರ್ಷಿಯನ್ ವಾಕ್ಚಿತ್ರದ ಮೊದಲ ನಟಿ ಎಂಬ ಕೀರ್ತಿ ಅವರದು. ಆದರೆ ಆ ಕೀರ್ತಿಗೆ ಅವರು ತೆತ್ತ ಬೆಲೆಯೂ ದೊಡ್ಡದು. ತೆರೆಯ ಮೇಲೆ ಕಾಣಿಸಿಕೊಂಡ ಕಾರಣಕ್ಕೆ ನಿಂದನೆ ಎದುರಿಸಿದ ಅವರು ಚಿತ್ರರಂಗವನ್ನು ತೊರೆದು ಉಳಿದ ಬದುಕನ್ನು ಅಜ್ಞಾತವಾಗಿ ಕಳೆದರು.

ಮಹಿಳೆಯ ಉಡುಪಿನಲ್ಲಿ ಸರ್ಕಾರದ ಹಸ್ತಕ್ಷೇಪವೂ ಇರಾನಿಗೆ ಹೊಸದಲ್ಲ. 1936ರಲ್ಲಿ ರೆಜಾ ಷಾ ಪಹ್ಲವಿ ಆಡಳಿತ ಸಾರ್ವಜನಿಕ ಸ್ಥಳಗಳಲ್ಲಿ ಪರದೆಯನ್ನು ನಿಷೇಧಿಸಿತ್ತು. ಪೊಲೀಸರು ಮಹಿಳೆಯರ ಚಾದರವನ್ನು ಬಲವಂತವಾಗಿ ಕಿತ್ತ ಪ್ರಸಂಗಗಳು ನಡೆದವು. ಅನೇಕರು ಮನೆಯಿಂದ ಹೊರಬರುವುದನ್ನೇ ನಿಲ್ಲಿಸಿದರು. ಅರ್ಧ ಶತಮಾನದೊಳಗೆ ಅದೇ ದೇಶದಲ್ಲಿ ಇದಕ್ಕೆ ತದ್ವಿರುದ್ಧವಾದ ಕಾನೂನು ಬಂದಿತು.

ಕ್ರಾಂತಿಪೂರ್ವದ ತೆರೆ

1950ರಿಂದ 1970ರ ದಶಕದವರೆಗೆ ಇರಾನಿನ ಚಿತ್ರಮಂದಿರಗಳನ್ನು ಆಳಿದ್ದು ‘ಫಿಲ್ಮ್‌ಫಾರ್ಸಿ’ ಎಂದು ಕರೆಯಲಾದ ಜನಪ್ರಿಯ ಚಿತ್ರಗಳು. ಹಾಡು, ಕುಣಿತ, ಹೊಡೆದಾಟಗಳಿಂದ ಕೂಡಿದ ಇವುಗಳಲ್ಲಿ ಹೆಣ್ಣಿಗೆ ಸಾಮಾನ್ಯವಾಗಿ ಎರಡೇ ಸ್ಥಾನ. ಒಂದು, ಕ್ಯಾಬರೆಯ ನರ್ತಕಿ. ಇನ್ನೊಂದು, ರಕ್ಷಿಸಬೇಕಾದ ತಂಗಿ ಅಥವಾ ತಾಯಿ. 1969ರ ಮಸೂದ್ ಕಿಮಿಯಾಯಿ ಅವರ ‘ಕೈಸರ್’ ಚಿತ್ರದಲ್ಲಿ ಅತ್ಯಾಚಾರಕ್ಕೊಳಗಾದ ತಂಗಿ ಆರಂಭದಲ್ಲೇ ಪ್ರಾಣ ಕಳೆದುಕೊಳ್ಳುತ್ತಾಳೆ. ಉಳಿದ ಕಥೆಯೆಲ್ಲ ಅಣ್ಣನ ಸೇಡಿನದು. ಶಿರವಸ್ತ್ರವಿಲ್ಲದಿದ್ದರೂ ಆ ತೆರೆಯ ಮೇಲೆ ಹೆಣ್ಣಿಗೆ ತನ್ನದೇ ಆದ ಕಥೆ ಇರಲಿಲ್ಲ ಎಂಬುದು ಗಮನಾರ್ಹ.

ಇದಕ್ಕೆ ಅಪವಾದವಾಗಿ ನಿಂತವರು ಕವಯಿತ್ರಿ ಫರೂಗ್ ಫರೂಖ್‌ಜಾದ್. ತಬ್ರೀಜ್ ಸಮೀಪದ ಕುಷ್ಠರೋಗಿಗಳ ಕಾಲೊನಿಯನ್ನು ಕುರಿತು ಅವರು ನಿರ್ದೇಶಿಸಿದ ‘ದಿ ಹೌಸ್ ಈಸ್ ಬ್ಲ್ಯಾಕ್’ ಎಂಬ ಕಿರು ಸಾಕ್ಷ್ಯಚಿತ್ರ 1963ರಲ್ಲಿ ಜರ್ಮನಿಯ ಓಬರ್‌ಹೌಸೆನ್ ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. 1967ರಲ್ಲಿ, 32ನೇ ವಯಸ್ಸಿನಲ್ಲಿ, ಅವರು ರಸ್ತೆ ಅಪಘಾತದಲ್ಲಿ ನಿಧನರಾದರು.

ಕಣ್ಮರೆಯಾದ ನಾಯಕಿ

1979ರ ಕ್ರಾಂತಿಯ ಬಳಿಕ ಎಲ್ಲವೂ ಬದಲಾಯಿತು. ಹಂತಹಂತವಾಗಿ ಜಾರಿಗೆ ಬಂದ ಹಿಜಾಬ್ ನಿಯಮ 1983ರಲ್ಲಿ ಶಿಕ್ಷಾರ್ಹ ಕಾನೂನಾಯಿತು. ಚಿತ್ರಕಥೆಗೆ ಮುಂಚಿತ ಅನುಮತಿ, ಸಿದ್ಧಚಿತ್ರಕ್ಕೆ ಪ್ರದರ್ಶನ ಪರವಾನಗಿ - ಎರಡನ್ನೂ ಸಂಸ್ಕೃತಿ ಮತ್ತು ಇಸ್ಲಾಮಿಕ್ ಮಾರ್ಗದರ್ಶನ ಸಚಿವಾಲಯದಿಂದ ಪಡೆಯಬೇಕಾಯಿತು. ಸ್ತ್ರೀ-ಪುರುಷ ಪಾತ್ರಗಳು ಪರಸ್ಪರ ಮುಟ್ಟುವಂತಿಲ್ಲ. ತಾಯಿ ಬಹುಕಾಲದ ನಂತರ ಮನೆಗೆ ಬಂದ ಮಗನನ್ನು ಅಪ್ಪಿಕೊಳ್ಳುವಂತಿಲ್ಲ. ವೈದ್ಯ ರೋಗಿಯ ನಾಡಿ ಹಿಡಿಯುವುದೂ ಕಷ್ಟ.

1980ರ ದಶಕದ ಮೊದಲ ವರ್ಷಗಳಲ್ಲಿ ಅನೇಕ ನಿರ್ದೇಶಕರು ಮಹಿಳಾ ಪಾತ್ರಗಳನ್ನೇ ಕೈಬಿಟ್ಟರು. ಇದ್ದರೂ ಅವರು ಮೂಲೆಯಲ್ಲಿ ಕುಳಿತ ತಾಯಂದಿರು, ಸಮೀಪದೃಶ್ಯಗಳು ವಿರಳ. ಇರಾನಿ ಚಿತ್ರಗಳಲ್ಲಿ ಮಕ್ಕಳ ಕಥೆಗಳು ಹೆಚ್ಚಾಗಲು ಇದೂ ಒಂದು ಕಾರಣ. ಅಬ್ಬಾಸ್ ಕಿಯಾರುಸ್ತಮಿ ಅವರ ‘ವೇರ್ ಈಸ್ ದಿ ಫ್ರೆಂಡ್ಸ್ ಹೌಸ್?’ (1987), ಜಾಫರ್ ಪನಾಹಿ ಅವರ ‘ದಿ ವೈಟ್ ಬಲೂನ್’ (1995), ಮಜೀದ್ ಮಜೀದಿ ಅವರ ‘ಚಿಲ್ಡ್ರನ್ ಆಫ್ ಹೆವನ್’ (1997) ಈ ಸಾಲಿನಲ್ಲಿ ಪ್ರಸಿದ್ಧ.

ಮಹಿಳೆಯನ್ನು ಮತ್ತೆ ತೆರೆಯ ನಡುವಿಗೆ ತಂದ ಕೀರ್ತಿ ಬಹ್ರಾಮ್ ಬೈಜಾಯಿ ಅವರ ‘ಬಾಷು’ ಚಿತ್ರಕ್ಕೆ ಸಲ್ಲುತ್ತದೆ. ಯುದ್ಧದಲ್ಲಿ ಮನೆಮಂದಿಯನ್ನು ಕಳೆದುಕೊಂಡು ದಕ್ಷಿಣದಿಂದ ಓಡಿಬಂದ, ಭಾಷೆಯೂ ತಿಳಿಯದ ಕಪ್ಪು ಬಣ್ಣದ ಹುಡುಗನನ್ನು ಉತ್ತರದ ಗೀಲಾನ್ ಪ್ರಾಂತ್ಯದ ರೈತಮಹಿಳೆ ನಾಯಿ ತನ್ನ ಮಗನೆಂದು ಸ್ವೀಕರಿಸುವ ಕಥೆಯಿದು. ಹೊಲದಿಂದ ಮೇಲೆದ್ದ ನಾಯಿ ನೇರವಾಗಿ ಕ್ಯಾಮೆರಾವನ್ನು ದಿಟ್ಟಿಸುವ ದೃಶ್ಯ ಇರಾನಿ ಚಿತ್ರ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ತಲೆ ತಗ್ಗಿಸಿ ಕುಳಿತಿದ್ದ ಹೆಣ್ಣು ಅಲ್ಲಿ ಕಣ್ಣೆತ್ತಿ ನೋಡಿದಳು. ಕೆಲಕಾಲ ತಡೆಹಿಡಿಯಲ್ಪಟ್ಟ ಚಿತ್ರ 1989ರಲ್ಲಿ ಬಿಡುಗಡೆಯಾಯಿತು. ನಾಯಿ ಪಾತ್ರಧಾರಿ ಸೂಸನ್ ತಸ್ಲೀಮಿ ಅಷ್ಟರಲ್ಲಿ ದೇಶ ಬಿಟ್ಟು ಸ್ವೀಡನ್‌ನಲ್ಲಿ ನೆಲೆಸಿದ್ದರು.

ಕಿರುತೆರೆಯ ‘ಒಶಿನ್’ ಪ್ರಕರಣ

ಇದೇ ಅವಧಿಯಲ್ಲಿ ಇರಾನಿನ ಕಿರುತೆರೆಯಲ್ಲಿ ಅತ್ಯಂತ ಜನಪ್ರಿಯಳಾದ ನಾಯಕಿ ಇರಾನಿನವಳಲ್ಲ, ಜಪಾನಿನವಳು. ಸುಗಾಕೊ ಹಶಿದಾ ಬರೆದ ‘ಒಶಿನ್’ ಧಾರಾವಾಹಿಯನ್ನು ಜಪಾನಿನ ಎನ್‌ಎಚ್‌ಕೆ ವಾಹಿನಿ 1983-84ರಲ್ಲಿ 297 ಕಂತುಗಳಲ್ಲಿ ಪ್ರಸಾರ ಮಾಡಿತ್ತು. ಬಡ ರೈತ ಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಕ್ಕಿಗಾಗಿ ಜೀತಕ್ಕೆ ಹೋಗಿ, ಕೊನೆಗೆ ಉದ್ಯಮಿಯಾಗಿ ಬೆಳೆಯುವ ಮಹಿಳೆಯ ಕಥೆಯದು. ಇರಾಕ್ ಯುದ್ಧದಿಂದ ಬಸವಳಿದಿದ್ದ ಇರಾನಿಗರಿಗೆ ಆಕೆಯ ಬವಣೆ ತಮ್ಮದೇ ಎನಿಸಿತು. ಧಾರಾವಾಹಿಯ ‘ತನಕುರಾ’ ಕುಟುಂಬದ ಹೆಸರು ಹಳೆಬಟ್ಟೆ ಮಾರುವ ಅಂಗಡಿಗಳಿಗೆ ಅಂಟಿಕೊಂಡು ಪರ್ಷಿಯನ್ ಆಡುಮಾತನ್ನು ಸೇರಿತು.

1989ರ ಜನವರಿಯಲ್ಲಿ ರೇಡಿಯೊ ಕಾರ್ಯಕ್ರಮವೊಂದರಲ್ಲಿ ಮಹಿಳೆಯೊಬ್ಬರು, ತಮ್ಮ ಆದರ್ಶ ಪ್ರವಾದಿಯವರ ಪುತ್ರಿ ಫಾತಿಮಾ ಅಲ್ಲ, ಒಶಿನ್ ಎಂದು ಹೇಳಿದರು. ಆಯತೊಲ್ಲಾ ಖೊಮೇನಿ ಕುಪಿತರಾದರು. ಕಾರ್ಯಕ್ರಮದ ಹೊಣೆ ಹೊತ್ತಿದ್ದ ಅಧಿಕಾರಿಗಳಿಗೆ ಶಿಕ್ಷೆ ವಿಧಿಸಲಾಯಿತು. ಬಳಿಕ ಕ್ಷಮೆ ದೊರೆಯಿತು. ತೆರೆಯ ಮೇಲಿನ ಹೆಣ್ಣಿನ ಚಿತ್ರಣ ರಾಜ್ಯಾಡಳಿತದ ಪ್ರಶ್ನೆಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕ್ಯಾಮೆರಾ ಹಿಂದೆ ಮಹಿಳೆಯರು

ನಿರ್ಬಂಧಗಳ ಈ ಕಾಲದಲ್ಲೇ ಇರಾನಿನಲ್ಲಿ ಮಹಿಳಾ ನಿರ್ದೇಶಕರ ಸಂಖ್ಯೆ ಹೆಚ್ಚಿತು. ಅವರಲ್ಲಿ ಅಗ್ರಗಣ್ಯರು ರಖ್ಶಾನ್ ಬನಿ-ಎತೆಮಾದ್. 1998ರ ‘ದಿ ಮೇ ಲೇಡಿ’ ಚಿತ್ರದಲ್ಲಿ ಅವರು ಒಂದು ಕಠಿಣ ಸಮಸ್ಯೆಯನ್ನು ಸರಳವಾಗಿ ಬಗೆಹರಿಸಿದರು. ನಾಯಕಿ 42 ವರ್ಷದ ವಿಚ್ಛೇದಿತೆ, ಹದಿಹರೆಯದ ಮಗನಿದ್ದಾನೆ, ಆಕೆ ಒಬ್ಬನನ್ನು ಪ್ರೀತಿಸುತ್ತಾಳೆ. ಈ ಪ್ರೇಮವನ್ನು ತೋರಿಸುವಂತಿಲ್ಲ. ಆದ್ದರಿಂದ ಪ್ರಿಯಕರ ಚಿತ್ರದುದ್ದಕ್ಕೂ ಕಾಣಿಸುವುದೇ ಇಲ್ಲ. ಅವನ ದನಿ ಮಾತ್ರ ಪತ್ರ, ದೂರವಾಣಿಗಳ ಮೂಲಕ ಕೇಳಿಬರುತ್ತದೆ.

ಸಮೀರಾ ಮಖ್ಮಲ್‌ಬಾಫ್ ತಮ್ಮ 17ನೇ ವಯಸ್ಸಿನಲ್ಲಿ ‘ದಿ ಆ್ಯಪಲ್’ (1998) ನಿರ್ದೇಶಿಸಿದರು. ತಂದೆಯೇ ವರ್ಷಗಟ್ಟಲೆ ಮನೆಯೊಳಗೆ ಕೂಡಿಹಾಕಿದ್ದ ಇಬ್ಬರು ಅವಳಿ ಹುಡುಗಿಯರ ನಿಜಘಟನೆ ಅದರ ವಸ್ತು. ಆ ಕುಟುಂಬದವರೇ ಅದರಲ್ಲಿ ಅಭಿನಯಿಸಿದ್ದಾರೆ. ಮರ್ಜಿಯೆ ಮೆಶ್ಕೀನಿ ಅವರ ‘ದಿ ಡೇ ಐ ಬಿಕೇಮ್ ಎ ವುಮನ್’ (2000) ಚಿತ್ರದ ಮೊದಲ ಕಥೆಯಲ್ಲಿ ಹವಾ ಎಂಬ ಬಾಲಕಿಗೆ ಅಂದು 9 ವರ್ಷ ತುಂಬುತ್ತದೆ. ಮಧ್ಯಾಹ್ನದ ನಂತರ ಅವಳು ಗೆಳೆಯನೊಡನೆ ಆಡುವಂತಿಲ್ಲ. ಅಜ್ಜಿ ಒಂದು ಕಡ್ಡಿ ಕೊಟ್ಟು, ಅದರ ನೆರಳು ಮಾಯವಾದಾಗ ಮನೆಗೆ ಬಾ ಎನ್ನುತ್ತಾಳೆ. ಮರಳಿನಲ್ಲಿ ಕಡ್ಡಿ ನೆಟ್ಟು ಕುಗ್ಗುತ್ತಿರುವ ನೆರಳನ್ನು ಅಳೆಯುವ ಆ ಬಾಲಕಿಯ ಚಿತ್ರ ಒಂದು ಕಾನೂನಿನ ಅರ್ಥವನ್ನು ಮಾತಿಲ್ಲದೆ ತಿಳಿಸುತ್ತದೆ.

ಮನೆಯ ಬದಲು ಬೀದಿ, ಕಾರು, ನ್ಯಾಯಾಲಯ

ಮನೆಯೊಳಗಿನ ದೃಶ್ಯ ಸುಳ್ಳಾಗುವುದಾದರೆ, ಶಿರವಸ್ತ್ರ ಸಹಜವಾಗಿರುವ ಕಡೆಗೇ ಕಥೆಯನ್ನು ಒಯ್ಯುವುದು ಮತ್ತೊಂದು ಉಪಾಯ. ಕಿಯಾರುಸ್ತಮಿ ಅವರ ‘ಟೆನ್’ (2002) ಇಡೀ ಚಿತ್ರ ಕಾರಿನೊಳಗೆ ನಡೆಯುತ್ತದೆ. ಚಾಲಕಿ ಒಬ್ಬ ವಿಚ್ಛೇದಿತ ಮಹಿಳೆ. ಮಗ, ಸಹೋದರಿ, ಗೆಳತಿ, ವೇಶ್ಯೆ ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರುತ್ತಾರೆ. ಕಾರು ಬೀದಿಯಲ್ಲಿರುವುದರಿಂದ ವಸ್ತ್ರ ಸಹಜ; ಬಾಗಿಲು ಮುಚ್ಚಿರುವುದರಿಂದ ಮಾತು ಮುಕ್ತ. ಪ್ರೇಮಭಂಗದಿಂದ ನೊಂದ ಯುವತಿಯ ಶಿರವಸ್ತ್ರ ಜಾರಿದಾಗ ಕೂದಲಿಲ್ಲದ, ಬೋಳಿಸಿದ ತಲೆ ಕಾಣಿಸುತ್ತದೆ.

ಪನಾಹಿ ಬೀದಿಯನ್ನು ಆರಿಸಿಕೊಂಡರು. 2000ದಲ್ಲಿ ವೆನಿಸ್ ಉತ್ಸವದ ಸ್ವರ್ಣಸಿಂಹ ಪಡೆದ ‘ದಿ ಸರ್ಕಲ್’, ಹೆಣ್ಣುಮಗು ಹುಟ್ಟಿತೆಂದು ಅಜ್ಜಿ ಕಂಗಾಲಾಗುವ ಆಸ್ಪತ್ರೆಯ ಕಿಟಕಿಯಲ್ಲಿ ಆರಂಭವಾಗಿ ಸೆರೆಮನೆಯ ಕಿಂಡಿಯಲ್ಲಿ ಕೊನೆಗೊಳ್ಳುತ್ತದೆ. ‘ಆಫ್‌ಸೈಡ್’ (2006) ಹುಡುಗರ ವೇಷ ಧರಿಸಿ ಫುಟ್‌ಬಾಲ್ ಪಂದ್ಯ ನೋಡಲು ಬಂದು ಸಿಕ್ಕಿಬೀಳುವ ಹುಡುಗಿಯರ ಕಥೆ. ಕ್ರೀಡಾಂಗಣದ ಹೊರಗೋಡೆಯ ಬಳಿ ಬಂಧಿತರಾದ ಅವರಿಗೆ ಪಂದ್ಯ ಕಾಣಿಸುವುದಿಲ್ಲ; ಕೂಗು ಮಾತ್ರ ಕೇಳಿಸುತ್ತದೆ. ಎರಡೂ ಚಿತ್ರಗಳ ಪ್ರದರ್ಶನಕ್ಕೆ ಇರಾನಿನಲ್ಲಿ ಅನುಮತಿ ಸಿಗಲಿಲ್ಲ. ಕ್ರೀಡಾಂಗಣ ಪ್ರವೇಶಿಸಲು ಯತ್ನಿಸಿ ಮೊಕದ್ದಮೆ ಎದುರಿಸುತ್ತಿದ್ದ ಯುವತಿಯೊಬ್ಬಳು 2019ರ ಸೆಪ್ಟೆಂಬರ್‌ನಲ್ಲಿ ಬೆಂಕಿ ಹಚ್ಚಿಕೊಂಡು ಮೃತಪಟ್ಟಳು. ಮರು ತಿಂಗಳು ಕಾಂಬೋಡಿಯಾ ವಿರುದ್ಧದ ಪಂದ್ಯಕ್ಕೆ ಟಿಕೆಟ್ ಪಡೆದ ಸಾವಿರಾರು ಮಹಿಳೆಯರು ತೆಹರಾನಿನ ಆಜಾದಿ ಕ್ರೀಡಾಂಗಣದಲ್ಲಿ ಕುಳಿತು ಆಟ ನೋಡಿದರು.

ಅಸ್ಗರ್ ಫರ್ಹಾದಿ ನ್ಯಾಯಾಲಯವನ್ನು ಬಳಸಿಕೊಂಡರು. 2012ರಲ್ಲಿ ಇರಾನಿಗೆ ಮೊದಲ ಆಸ್ಕರ್ ತಂದ ‘ಎ ಸೆಪರೇಶನ್’ ಚಿತ್ರದ ಆರಂಭದಲ್ಲಿ ದಂಪತಿಗಳು ಕ್ಯಾಮೆರಾಗೆ ಮುಖ ಮಾಡಿ ವಾದಿಸುತ್ತಾರೆ. ನ್ಯಾಯಾಧೀಶನ ಸ್ಥಾನದಲ್ಲಿ ಪ್ರೇಕ್ಷಕ ಕುಳಿತಿರುತ್ತಾನೆ. ಮನೆಗೆಲಸದ ರಜಿಯೆ, ಮರೆವುರೋಗದ ವೃದ್ಧನ ಒದ್ದೆ ಬಟ್ಟೆ ಬದಲಿಸಬಹುದೇ ಎಂದು ಧಾರ್ಮಿಕ ಸಲಹೆಗಾಗಿ ದೂರವಾಣಿ ಮಾಡುವ ದೃಶ್ಯದಲ್ಲಿ ಅಪಹಾಸ್ಯವಿಲ್ಲ. ಆಕೆಯ ನಂಬಿಕೆಗೂ ಚಿತ್ರ ಅಷ್ಟೇ ಗೌರವ ಕೊಡುತ್ತದೆ. ‘ದಿ ಸೇಲ್ಸ್‌ಮನ್’ (2016) ಚಿತ್ರದೊಳಗಿನ ನಾಟಕದ ತಾಲೀಮಿನಲ್ಲಿ, ತನಗೆ ಬಟ್ಟೆಯಿಲ್ಲ ಎಂದು ಹೇಳಬೇಕಾದ ನಟಿ ಕೋಟು ತೊಟ್ಟು ನಿಂತಿರುತ್ತಾಳೆ. ಸಹನಟ ನಗುತ್ತಾನೆ, ಆಕೆ ಅವಮಾನದಿಂದ ಹೊರನಡೆಯುತ್ತಾಳೆ. ಇಡೀ ಚಿತ್ರರಂಗದ ಸ್ಥಿತಿ ಆ ಒಂದು ದೃಶ್ಯದಲ್ಲಿದೆ.

2022ರ ನಂತರ

ಹಿಜಾಬ್ ಸರಿಯಾಗಿ ಧರಿಸಿಲ್ಲವೆಂದು ಬಂಧಿತರಾದ ಮಹ್ಸಾ ಅಮಿನಿ 2022ರ ಸೆಪ್ಟೆಂಬರ್ 16ರಂದು ಪೊಲೀಸ್ ವಶದಲ್ಲಿ ಮೃತಪಟ್ಟ ಬಳಿಕ ದೇಶದಾದ್ಯಂತ ಪ್ರತಿಭಟನೆಗಳು ನಡೆದವು. ‘ದಿ ಸೇಲ್ಸ್‌ಮನ್’ ನಾಯಕಿ ತರಾನೆ ಅಲಿದೂಸ್ತಿ ಶಿರವಸ್ತ್ರವಿಲ್ಲದ ತಮ್ಮ ಭಾವಚಿತ್ರ ಪ್ರಕಟಿಸಿ ಪ್ರತಿಭಟನೆಯನ್ನು ಬೆಂಬಲಿಸಿದರು. ಡಿಸೆಂಬರ್‌ನಲ್ಲಿ ಬಂಧಿತರಾದ ಅವರಿಗೆ 2023ರ ಜನವರಿಯಲ್ಲಿ ಜಾಮೀನು ದೊರೆಯಿತು.

ಅಲ್ಲಿಂದ ಮುಂದೆ ಕೆಲವು ನಿರ್ದೇಶಕರು ಉಪಾಯಗಳನ್ನೇ ಕೈಬಿಟ್ಟರು. ಮರ್ಯಮ್ ಮೊಘದಮ್ ಮತ್ತು ಬೆಹ್ತಾಶ್ ಸನೈಹಾ ಜೋಡಿಯ ‘ಮೈ ಫೇವರಿಟ್ ಕೇಕ್’ (2024) ಚಿತ್ರದ ನಾಯಕಿ ಮಹೀನ್ 70 ವರ್ಷದ ವಿಧವೆ. ತನ್ನ ಮನೆಯಲ್ಲಿ ತಲೆ ಮುಚ್ಚದೆ ಓಡಾಡುತ್ತಾಳೆ, ಗಿಡಗಳಿಗೆ ನೀರೆರೆಯುತ್ತಾಳೆ, ವಯಸ್ಸಾದ ಟ್ಯಾಕ್ಸಿ ಚಾಲಕನೊಬ್ಬನನ್ನು ಊಟಕ್ಕೆ ಕರೆಯುತ್ತಾಳೆ. ನಿರ್ದೇಶಕರ ಪಾಸ್‌ಪೋರ್ಟ್ ವಶಪಡಿಸಿಕೊಂಡದ್ದರಿಂದ ಅವರು ಬರ್ಲಿನ್ ಪ್ರದರ್ಶನಕ್ಕೆ ಹೋಗಲಾಗಲಿಲ್ಲ. ಅದೇ ವರ್ಷ ‘ದಿ ಸೀಡ್ ಆಫ್ ದಿ ಸೇಕ್ರೆಡ್ ಫಿಗ್’ ಚಿತ್ರವನ್ನು ಗುಟ್ಟಾಗಿ ಚಿತ್ರೀಕರಿಸಿದ ಮೊಹಮ್ಮದ್ ರಸೂಲೋಫ್, 8 ವರ್ಷದ ಸೆರೆವಾಸದ ತೀರ್ಪು ಹೊರಬಿದ್ದಾಗ ದೇಶ ತೊರೆದರು. ಪನಾಹಿ ಅವರು ಅನುಮತಿಯಿಲ್ಲದೆ ನಿರ್ಮಿಸಿದ ‘ಇಟ್ ವಾಸ್ ಜಸ್ಟ್ ಆ್ಯನ್ ಆ್ಯಕ್ಸಿಡೆಂಟ್’ 2025ರಲ್ಲಿ ಕಾನ್ ಉತ್ಸವದ ಸ್ವರ್ಣತಾಳೆ ಗೆದ್ದಿತು.

ನಿರ್ಬಂಧಗಳೇ ಇರಾನಿ ಚಿತ್ರಗಳಿಗೆ ಕಲಾತ್ಮಕತೆ ತಂದುಕೊಟ್ಟವು ಎಂಬ ಮಾತು ವಿಮರ್ಶೆಯಲ್ಲಿ ಆಗಾಗ ಕೇಳಿಬರುತ್ತದೆ. ಅದರಲ್ಲಿ ಭಾಗಶಃ ಸತ್ಯವಿದೆ. ಕಾಣದ ಪ್ರಿಯಕರ, ಕಡ್ಡಿಯ ನೆರಳು, ಚಲಿಸುವ ಕಾರು ಇವೆಲ್ಲ ಆ ಒತ್ತಡದ ಫಲ. ಆದರೆ ಸೆರೆಗೆ ಹೋದ ನಟಿಯರನ್ನೂ ದೇಶ ಬಿಟ್ಟವರನ್ನೂ ಈ ಲೆಕ್ಕದಿಂದ ಹೊರಗಿಡಲಾಗದು. ‘ಮೈ ಫೇವರಿಟ್ ಕೇಕ್’ ತೋರಿಸಿದ್ದು ದೊಡ್ಡ ಬಂಡಾಯವನ್ನೇನೂ ಅಲ್ಲ. ವೃದ್ಧೆಯೊಬ್ಬಳು ತನ್ನ ಮನೆಯಲ್ಲಿ ತಾನಿರುವಂತೆ ಇರುವುದನ್ನು. ಅಷ್ಟನ್ನು ತೋರಿಸಲು ಇರಾನಿನ ತೆರೆಗೆ 4 ದಶಕ ಹಿಡಿಯಿತು.