ಇಸ್ತ್ರಿ ಮಾಡಿದ ಗಾಂಧಾರ

ಹಾಡುವವರ ಸ್ವರ ತಿದ್ದುವ ಆಟೋ-ಟ್ಯೂನ್ ಹುಟ್ಟಿದ್ದು ಎಣ್ಣೆ ಹುಡುಕುವವರ ಲೆಕ್ಕದಿಂದ ಅಂದ್ರೆ ನಂಬ್ತೀರಾ? ಆ್ಯಂಡಿ ಹಿಲ್ಡೆಬ್ರಾಂಡ್ ಎಂಬ ಅಮೆರಿಕದ ಎಂಜಿನಿಯರ್ ಮೊದಲು ಎಕ್ಸಾನ್ ಕಂಪನಿಯಲ್ಲಿದ್ದವನು. ನೆಲದೊಳಗೆ ಸದ್ದು ಕಳಿಸಿ, ತಿರುಗಿ ಬಂದ ಅಲೆಗಳನ್ನು ಓದಿ, ಕೆಳಗೆ ಎಣ್ಣೆ ಎಲ್ಲಿದೆ ಅಂತ ಪತ್ತೆ ಹಚ್ಚುವುದು ಅವನ ಕ್ಷೇತ್ರ. ಅಲೆಯೊಂದು ಎಷ್ಟು ಹೊತ್ತಿಗೊಮ್ಮೆ ತನ್ನನ್ನೇ ಹೋಲುತ್ತದೆ ಎಂದು ಹುಡುಕುವ ಗಣಿತ ಅಲ್ಲಿ ಬಳಕೆಯಲ್ಲಿತ್ತು. ಅದೇ ಗಣಿತವನ್ನು ಮನುಷ್ಯನ ಗಂಟಲಿಗೆ ಹಚ್ಚಿದರೆ ಅವನು ಯಾವ ಸ್ವರದಲ್ಲಿದ್ದಾನೆ ಅನ್ನೋದು ತಿಳಿಯುತ್ತದೆ. ತಿಳಿದ ಮೇಲೆ ಹತ್ತಿರದ ‘ಸರಿಯಾದ’ ಸ್ವರಕ್ಕೆ ಎಳೆದು ಕೂಡಿಸಿದರಾಯ್ತು. 1997ರಲ್ಲಿ ಅದು ಮಾರುಕಟ್ಟೆಗೆ ಬಂತು. ಮರುವರ್ಷವೇ ಶೆರ್ ಎಂಬ ಗಾಯಕಿಯ ‘ಬಿಲೀವ್’ ಹಾಡಿನಲ್ಲಿ ಎಳೆಯುವ ವೇಗವನ್ನು ಪೂರ್ತಿ ಏರಿಸಿ, ದನಿ ಮೆಟ್ಟಿಲು ಹತ್ತಿದ ಹಾಗೆ ಕೇಳಿಸುವಂತೆ ಮಾಡಿದರು. ಹಾಡು ಜಗತ್ತೆಲ್ಲ ಕುಣಿಯಿತು. ಮಾಡಿದ್ದು ಹೇಗೆ ಅಂತ ಕೇಳಿದವರಿಗೆ ಮಾತ್ರ ಅದರ ನಿರ್ಮಾಪಕರು ಮೊದಮೊದಲು ಬೇರೆ ಯಂತ್ರದ ಹೆಸರು ಹೇಳಿ ಸಾಗಹಾಕಿದ್ದರು.

ನನಗೆ ಶೆರ್ ಬಗ್ಗೆ ತಕರಾರಿಲ್ಲ. ಅಲ್ಲಿ ಯಂತ್ರ ಎದುರಿಗೇ ಕೂತು ಹಾಡುತ್ತದೆ, ಎಲ್ಲರಿಗೂ ಗೊತ್ತು. ತಕರಾರು ಇರೋದು ಗೊತ್ತಾಗದ ಹಾಗೆ ಕೆಲಸ ಮಾಡುವ ಯಂತ್ರದ ಬಗ್ಗೆ. ಈಗ ಅದು ನಮ್ಮ ಸಪ್ತಾಪುರಕ್ಕೂ ಬಂದಿದೆ. ಕೋಚಿಂಗ್ ಸೆಂಟರು, ಪಿಜಿ, ಖಾನಾವಳಿ, ಓದೋ ಹುಡುಗರ ಲೈಬ್ರರಿಗಳ ನಡುವೆ ಒಂದು ಮಹಡಿ ಮನೆಯ ಹಿಂದಿನ ಖೋಲಿಯಲ್ಲಿ ನನ್ನ ಪರಿಚಯದ ಹುಡುಗನೊಬ್ಬ ರೆಕಾರ್ಡಿಂಗ್ ಮಾಡ್ತಾನೆ. ಒಂದು ಲ್ಯಾಪ್‌ಟಾಪು, ಒಂದು ಮೈಕು, ಗೋಡೆಗೆ ಎರಡು ಹಳೇ ಗಾದಿ. ಭಾವಗೀತೆ, ವಚನ, ಸಿನಿಮಾ ಹಾಡಿನ ಕವರ್, ಮದುವೆ ವಿಡಿಯೋದ ಹಾಡು ಎಲ್ಲಾ ಅಲ್ಲೇ ತಯಾರಾಗ್ತಾವ. ಹಾಡಿದ್ದು ಮುಗಿದ ಕೂಡಲೇ ಅವನು ಪರದೆಯ ಮೇಲೆ ಸ್ವರಗಳನ್ನು ಒಂದೊಂದಾಗಿ ಎತ್ತಿ ಗೆರೆಗೆ ಕೂಡಿಸ್ತಾನೆ. ಇದ್ಯಾಕಪಾ ಅಂದೆ. “ಅಂಗಿ ಇಸ್ತ್ರಿ ಮಾಡಿದಂಗ್ರೀ ಅಣ್ಣಾ. ಅಂಗಿ ಅವರದಾ, ನಾ ಬರೇ ಸುಕ್ಕು ತಗೀತೀನಿ” ಅಂದ.

ಉಪಮೆ ಚೆನ್ನಾಗಿದೆ. ಆದರೆ ಇಸ್ತ್ರಿ ಪೆಟ್ಟಿಗೆಗೆ ಸುಕ್ಕು ಯಾವುದು, ಉಟ್ಟವರು ಬೇಕೆಂದೇ ಹಿಡಿದ ನಿರಿಗೆ ಯಾವುದು ಅನ್ನೋದು ಗೊತ್ತಾಗೋದಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಬೇಕಾಗುತ್ತದೆ, ಸಹಿಸ್ಕೊಳ್ರಿ. ಒಂದು ಸಪ್ತಕವನ್ನು 1200 ಸೆಂಟ್ ಅಂತ ಅಳೀತಾರೆ. ಹಾರ್ಮೋನಿಯಂ, ಕೀಬೋರ್ಡುಗಳಲ್ಲಿ ಅದನ್ನು ಹನ್ನೆರಡು ಸಮ ಪಾಲು ಮಾಡಿ, ಪ್ರತಿ ಮನೆಗೂ ನೂರು ಸೆಂಟ್ ಕೊಟ್ಟಿರುತ್ತಾರೆ. ಹಾಗಾಗಿ ಶುದ್ಧ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲೆ. ಈಗ ತಂಬೂರಿ ತಗೊಳ್ರಿ. ಚೆನ್ನಾಗಿ ಶ್ರುತಿಗೊಂಡ ತಂಬೂರಿಯಲ್ಲಿ ಖರ್ಜದ ತಂತಿ ಮೀಟಿದರೆ ಷಡ್ಜದ ಒಳಗಿಂದ ತಾನಾಗಿಯೇ ಒಂದು ಗಾಂಧಾರ ಕೇಳಿಸುತ್ತದೆ. ಯಾರೂ ಅದನ್ನು ಅಲ್ಲಿ ಇಟ್ಟಿದ್ದಲ್ಲ, ತಂತಿಯ ಸ್ವಭಾವವೇ ಹಾಗೆ. ಅದು ಇರೋದು ಸುಮಾರು 386ಕ್ಕೆ. ತಂಬೂರಿಗೆ ಕಿವಿಗೊಟ್ಟು ಕಲಿತವಳು ಹಾಡುವ ಗಾಂಧಾರ, ಸಾಫ್ಟ್‌ವೇರಿನ ಕಣ್ಣಲ್ಲಿ 14 ಸೆಂಟ್ ತಪ್ಪು! ಅದು ಎತ್ತಿ ‘ಸರಿ’ ಮಾಡುತ್ತದೆ. ಬೇರೆ ಶ್ರುತಿಗಳನ್ನು ಕೂಡಿಸಿಕೊಳ್ಳುವ ಅವಕಾಶ ಅದರಲ್ಲಿಲ್ಲ ಅಂತಲ್ಲ, ಇದೆ. ಸೆಟ್ಟಿಂಗ್ ಬದಲಿಸುವ ಪುರಸೊತ್ತು ಯಾರಿಗಿದೆ?

ಈ ಜಗಳ ಹೊಸದೇನಲ್ಲ, ಅದೂ ನಮ್ಮ ಕಡೆಗೆ. ಉಸ್ತಾದ್ ಅಬ್ದುಲ್ ಕರೀಂ ಖಾನರು ಮೀರಜಿನಲ್ಲಿ ನೆಲೆಸಿ, ಮೈಸೂರಿಗೆ ಹೋಗಿ ಬರುವಾಗ ಹುಬ್ಬಳ್ಳಿ-ಧಾರವಾಡದಲ್ಲಿ ಇಳಿದುಕೊಳ್ಳುತ್ತಿದ್ದವರು. ಕಿರಾನಾ ಘರಾಣೆ ಈ ಭಾಗದಲ್ಲಿ ಬೇರೂರಿದ್ದು ಅವರಿಂದ, ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರಿಂದ. ಸಾಂಗ್ಲಿಯ ಕೆ. ಬಿ. ದೇವಲ್ ಎಂಬವರು ಇಪ್ಪತ್ತೆರಡು ಶ್ರುತಿಗಳನ್ನು ಅಳೆಯಲು ಹೊರಟಾಗ ಈ ಖಾನಸಾಹೇಬರ ಗಂಟಲಿನ ನೆರವು ಪಡೆದರು. 1910ರಲ್ಲಿ ದೇವಲ್ ಅವರ ಪುಸ್ತಕ ಬಂತು. ಇ. ಕ್ಲೆಮೆಂಟ್ಸ್ ಎಂಬ ಐಸಿಎಸ್ ಅಧಿಕಾರಿ ಅವರೊಡನೆ ಸೇರಿ ಶ್ರುತಿ ಹಾರ್ಮೋನಿಯಂ ಮಾಡಿಸಿದ. 1916ರ ಬರೋಡಾ ಸಂಗೀತ ಸಮ್ಮೇಳನದ ಹೊತ್ತಿಗೆ ಅದು ಪಂಡಿತರ ನಡುವೆ ದೊಡ್ಡ ವಾದಕ್ಕೆ ಕಾರಣವಾಗಿತ್ತು. ಪೆಟ್ಟಿಗೆ ಮಾತ್ರ ಬಳಕೆಗೆ ಬರಲೇ ಇಲ್ಲ. ಆದರೆ ನೋಡಿ, ಅಲ್ಲಿ ಗಾಯಕ ಹಾಡಿದ್ದನ್ನು ಹಿಡಿಯಲು ಪೆಟ್ಟಿಗೆಯನ್ನು ತಿದ್ದಿದ್ದರು. ನಾವು ಪೆಟ್ಟಿಗೆಗೆ ಹೊಂದುವಂತೆ ಗಾಯಕನನ್ನು ತಿದ್ದುತ್ತಿದ್ದೇವೆ.

ಆಮೇಲೆ ರೇಡಿಯೋದ ಸರದಿ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಹಾರ್ಮೋನಿಯಮ್ಮಿನಲ್ಲಿ ಬರೋದಿಲ್ಲ, ಅದರ ಶ್ರುತಿ ನಮ್ಮದಲ್ಲ ಅಂತ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ಹೊರಗೆ ಹಾಕಿತು. ನಿರ್ಬಂಧ ಸಡಿಲವಾಗಿದ್ದು 1971ರಲ್ಲಿ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಅಂದರೆ ಈ ಊರಿನ ನಿಲಯದ ಮೊದಲ ಎರಡು ದಶಕ ಪೂರ್ತಿ ಆ ನಿರ್ಬಂಧದೊಳಗೇ ಕಳೆದವು. ಸರ್ಕಾರವೊಂದು ಗಾಂಧಾರದ ಸಲುವಾಗಿ ಒಂದು ವಾದ್ಯವನ್ನು ಬಾಗಿಲಾಚೆ ನಿಲ್ಲಿಸಿತ್ತು! ಅತಿರೇಕವೇ ಸರಿ. ಆದರೂ ಸ್ವರದ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡಿದ್ದರಲ್ಲ ಅಂತ ಈಗ ಅಸೂಯೆ ಆಗ್ತದೆ.

ಈ ಎಲ್ಲದರ ನಡುವೆ ನನಗೆ ಮತ್ತೆ ಮತ್ತೆ ನೆನಪಾಗೋದು ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. 1930ರ ದಶಕದಲ್ಲಿ ಎಚ್‌ಎಂವಿ ತಟ್ಟೆಗಳು ಬಂದಾಗ ಲೇಬಲ್ ಮೇಲಿದ್ದ ಹೆಸರು ‘ಗಾಂಧಾರಿ’. ಆ ತಟ್ಟೆಗಳನ್ನು ಕೇಳ್ರಿ: ತೆಳ್ಳಗಿನ, ಎತ್ತರದ, ಸಿಹಿ ದನಿ. ಮುಂದೆ ಗಂಟಲ ತೊಂದರೆಯಾಗಿ, ಚಿಕಿತ್ಸೆಯ ನಂತರ ದನಿ ಕೆಳಗಿಳಿಯಿತು, ದಪ್ಪಗಾಯಿತು. ಕಣ್ಣು ಮುಚ್ಚಿ ಕೇಳಿದವರು ಗಂಡಸು ಹಾಡ್ತಿದ್ದಾರೆ ಅಂದುಕೊಳ್ಳುವಷ್ಟು. ಇವತ್ತಾಗಿದ್ದರೆ ಸ್ವರವಷ್ಟೇ ಅಲ್ಲ, ಕಂಠದ ಗುಣವನ್ನೂ ಹೆಣ್ಣಾಗಿಯೋ ಗಂಡಾಗಿಯೋ ತಿರುಗಿಸುವ ಬಟನ್ನುಗಳಿವೆ. ಯಾವನೋ ಒಬ್ಬ “ಅಕ್ಕಾರ, ಹಳೇ ದನಿ ವಾಪಸ್ ತರೋಣಲ್ಲ” ಅಂದೇ ಅನ್ನುತ್ತಿದ್ದ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತ ಆ ಹೆಣ್ಣುಮಗಳು ಬಂದ ದನಿಯನ್ನೇ ಪಳಗಿಸಿ, ಅದರಲ್ಲೇ ದಶಕಗಟ್ಟಲೆ ಹಾಡಿದರು. ದನಿ ಒರಟಾದರೂ ಸ್ವರ ಅಲುಗಲಿಲ್ಲ. ಇವೆರಡೂ ಬೇರೆ ಬೇರೆ ಎಂಬುದನ್ನು ನನಗೆ ಕಲಿಸಿದ್ದು ಅವರ ಧ್ವನಿಮುದ್ರಣಗಳು.

ನನ್ನ ಚಿಂತೆ ದೊಡ್ಡ ಗಾಯಕರದ್ದಲ್ಲ, ಅವರು ಹೇಗೋ ಪಾರಾಗ್ತಾರೆ. ನಮ್ಮ ಓಣಿಯಲ್ಲಿ ಹಾಡು ಕಲಿಯುವ ಹದಿನಾರರ ಹುಡುಗಿಯೊಬ್ಬಳಿದ್ದಾಳೆ. ಇಸ್ತ್ರಿಯಾದ ತನ್ನ ಹಾಡನ್ನೇ ಮೊಬೈಲಿನಲ್ಲಿ ದಿನಾ ಕೇಳ್ತಾಳೆ. ಈಗೀಗ ಮನೆಯಲ್ಲಿ ಬರೀ ತಂಬೂರಿ ಜೊತೆ ಹಾಡಿದರೆ “ನನ್ನ ದನಿ ಯಾಕೋ ಬ್ಯಾರೆ ಆಗೇತಿ ಮಾಮಾ” ಅಂತಾಳೆ. ದನಿ ಏನೂ ಆಗಿಲ್ಲ. ಅವಳ ಕಿವಿ ಜಾಗ ಬದಲಿಸಿದೆ. ಮೊದಲು ತಂಬೂರಿ ಹೇಳುತ್ತಿದ್ದುದನ್ನು ಈಗ ಪರದೆ ಹೇಳುತ್ತಿದೆ. ಅವಳ ಗುರುಗಳು ಮೂರು ತಿಂಗಳು ರೆಕಾರ್ಡಿಂಗ್ ಬಂದ್ ಮಾಡಿಸಿದ್ದಾರೆ. ಮನೆಯವರಿಗೆ ಬೇಜಾರು, ಯಾಕಂದ್ರೆ ಒಂದು ಹಾಡಿಗೆ ಹತ್ತು ಸಾವಿರ ವ್ಯೂಸ್ ಬಂದಿದ್ದವು.

ಹೊರಗೆ ಹಾಕಿಸಿಕೊಂಡಿದ್ದ ಹಾರ್ಮೋನಿಯಂ ಇವತ್ತು ಧಾರವಾಡದ ಯಾವ ಬೈಠಕ್ಕಿಗೆ ಹೋದರೂ ಗಾಯಕರ ಪಕ್ಕದಲ್ಲೇ ಕೂತಿರುತ್ತದೆ. ಶ್ರುತಿಯ ಸಮಸ್ಯೆ ಬಗೆಹರಿದಿಲ್ಲ, ಪೆಟ್ಟಿಗೆ ಅದೇ ಪೆಟ್ಟಿಗೆ. ಆದರೆ ನಾನು ಕೇಳಿದ ಒಳ್ಳೆಯ ವಾದಕರು ದರ್ಬಾರಿ ಕಾನಡಾದಲ್ಲಿ ಆ ಇಳಿದ, ಮೆಲ್ಲಗೆ ತೂಗುವ ಕೋಮಲ ಗಾಂಧಾರ ಬಂದಾಗ ಬೆರಳು ಹಗುರ ಮಾಡ್ತಾರೆ. ಕೆಲವರು ಆ ಮನೆಯನ್ನು ಮುಟ್ಟೋದೇ ಇಲ್ಲ. ಗಾಯಕ ಅಲ್ಲಿಂದ ರಿಷಭಕ್ಕೆ ಇಳಿದ ಮೇಲೇ ಮತ್ತೆ ಬಾತೆ ಒತ್ತುತ್ತಾರೆ.