ಮೆಕ್ಸಿಕೋದಲ್ಲಿ ಚೀಟಿ ಎತ್ತಿದ್ದು ಯಾಕೆ?

ಬಡವರ ಕೈಗೆ ಸರ್ಕಾರ ನೇರವಾಗಿ ದುಡ್ಡು ಕೊಟ್ಟರೆ ಏನಾಗುತ್ತೆ? ಸೋಮಾರಿಗಳಾಗ್ತಾರೆ, ಕುಡಿದು ಹಾಳು ಮಾಡ್ತಾರೆ. ಸ್ಟುಡಿಯೋ ಚರ್ಚೆಗಳಲ್ಲಿ ಈ ಮಾತು ಬಾರದ ವಾರವೇ ಇಲ್ಲ. ಇದನ್ನು ಗಂಟಲಿನ ಜೋರಿನಿಂದಲ್ಲ, ಲೆಕ್ಕದಿಂದ ತೀರ್ಮಾನಿಸೋಣ ಅಂತ ಹೊರಟ ದೇಶವೊಂದಿದೆ. ಅದು ಮೆಕ್ಸಿಕೋ.

1994ರ ಡಿಸೆಂಬರ್‌ನಲ್ಲಿ ಅಲ್ಲಿನ ಪೆಸೊ ಕುಸಿದು ಬಿತ್ತು. ಮರುವರ್ಷ ಆರ್ಥಿಕತೆ ಸುಮಾರು ಶೇ. 6ರಷ್ಟು ಕುಗ್ಗಿತು. ಆಗ ಬಡವರ ಹೆಸರಲ್ಲಿ ಇದ್ದದ್ದು ಹಾಲಿನ ಸಬ್ಸಿಡಿ, ಟೋರ್ಟಿಯಾ ಅನ್ನುವ ಮೆಕ್ಕೆಜೋಳದ ರೊಟ್ಟಿಯ ಸಬ್ಸಿಡಿ. ಆದರೆ ಅದರ ಹೆಚ್ಚಿನ ಪಾಲು ನಗರದವರಿಗೇ ಹೋಗ್ತಿತ್ತು, ಕಡುಬಡವರಿದ್ದದ್ದು ಹಳ್ಳಿಗಳಲ್ಲಿ. ಹಣಕಾಸು ಇಲಾಖೆಯಲ್ಲಿದ್ದ ಅರ್ಥಶಾಸ್ತ್ರಜ್ಞ ಸ್ಯಾಂಟಿಯಾಗೊ ಲೆವಿ ಹೇಳಿದ್ದು ಇಷ್ಟೇ: ಸಬ್ಸಿಡಿ ಬಿಡಿ, ದುಡ್ಡನ್ನೇ ಕೊಡಿ. ಅದನ್ನೂ ತಾಯಿಯ ಕೈಗೆ ಕೊಡಿ.

ಅಧ್ಯಕ್ಷ ಝೆಡಿಯೋ ಕಾಲದಲ್ಲಿ, 1997ರ ಆಗಸ್ಟ್‌ನಲ್ಲಿ 'ಪ್ರೊಗ್ರೆಸಾ' ಶುರುವಾಯಿತು. ಷರತ್ತು ಎರಡು. ಮಗುವಿಗೆ ಶಾಲೆಯಲ್ಲಿ ಶೇ. 85 ಹಾಜರಾತಿ ಇರಬೇಕು, ಮನೆಯವರು ಕ್ಲಿನಿಕ್‌ಗೆ ಹೋಗಿ ತಪಾಸಣೆ ಮಾಡಿಸಿಕೊಳ್ಳಬೇಕು. ಮೇಲಿನ ತರಗತಿಗೆ ಹೋದಷ್ಟೂ ಮೊತ್ತ ಹೆಚ್ಚು. ಏಳನೇ ತರಗತಿಯಿಂದ ಹುಡುಗರಿಗಿಂತ ಹುಡುಗಿಯರಿಗೆ ಜಾಸ್ತಿ, ಯಾಕಂದ್ರೆ ಆ ಹಂತದಲ್ಲಿ ಶಾಲೆ ಬಿಡುತ್ತಿದ್ದವರು ಅವರೇ.

ಇಂಜಿನಿಯರಿಂಗ್ ಓದಿದ ನನ್ನ ಕಿವಿ ನೆಟ್ಟಗಾಗೋದು ಇನ್ನು ಮುಂದೆ. 506 ಹಳ್ಳಿಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 320 ಹಳ್ಳಿಗಳಿಗೆ ಮೊದಲು ದುಡ್ಡು. ಉಳಿದ 186 ಹಳ್ಳಿಗಳು ಸುಮಾರು ಒಂದೂವರೆ ವರ್ಷ ಕಾಯಬೇಕು. ಎರಡನ್ನೂ ಹೋಲಿಸಿದರೆ ಯೋಜನೆಯ ನಿಜಬಣ್ಣ ಗೊತ್ತಾಗುತ್ತೆ. ಹೇಗೂ ಒಂದೇ ಸಲ ಎಲ್ಲರಿಗೂ ಕೊಡೋಕೆ ಬಜೆಟ್ ಇರಲಿಲ್ಲ ಅನ್ನೋದು ಇದರ ಪರವಾದ ವಾದ. ಒಪ್ಪೋಣ. ಆದರೆ ಆರನೇ ಕ್ಲಾಸ್ ಮುಗಿಸಿದ ಹುಡುಗಿಗೆ ಒಂದೂವರೆ ವರ್ಷ ಅಂದರೆ ಶಾಲೆಯೇ ಕೈತಪ್ಪುವಷ್ಟು ಕಾಲ. ನಮಗೆ ಸಿಕ್ಕಿರೋ ಅಂಕಿ-ಅಂಶದ ಬೆಲೆ ಕಟ್ಟಿದ್ದು ಆ 186 ಹಳ್ಳಿಗಳು.

ಫಲಿತಾಂಶ? ಪ್ರೌಢಶಾಲೆಗೆ ಸೇರುವವರು ಹೆಚ್ಚಿದರು, ಹುಡುಗಿಯರು ಇನ್ನೂ ಹೆಚ್ಚು. ಪುಟ್ಟ ಮಕ್ಕಳಿಗೆ ಕಾಯಿಲೆ ಕಮ್ಮಿಯಾಯ್ತು. ದೊಡ್ಡವರು ದುಡಿಮೆ ಬಿಟ್ಟು ಕೂತರಾ? ಇಲ್ಲ.

2000ದಲ್ಲಿ, 71 ವರ್ಷ ಆಳಿದ ಪಿಆರ್‌ಐ ಪಕ್ಷ ಸೋತಿತು. ಹಿಂದಿನವನ ಯೋಜನೆಯನ್ನು ಹೊಸಬ ಕಿತ್ತೆಸೆಯೋದು ಮೆಕ್ಸಿಕೋದಲ್ಲೂ ವಾಡಿಕೆ. ಆದರೆ ವಿಸೆಂಟೆ ಫಾಕ್ಸ್ ಇದನ್ನು ಉಳಿಸಿಕೊಂಡರು, ನಗರಗಳಿಗೂ ಒಯ್ದರು. ಅವರ ಮುಂದೆ ಆ ಹಳ್ಳಿಗಳ ಲೆಕ್ಕವಿತ್ತು. ಹೆಸರು ಮಾತ್ರ ಬದಲಿಸದೆ ಬಿಡಲಿಲ್ಲ, ರಾಜಕಾರಣಿ ಅಲ್ಲವೇ! 2002ರಲ್ಲಿ 'ಒಪೊರ್ಚುನಿದಾದೆಸ್', 2014ರಲ್ಲಿ 'ಪ್ರೊಸ್ಪೆರಾ'. 60 ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಅದು ತಲುಪಿತು. 2007ರಲ್ಲಿ ನ್ಯೂಯಾರ್ಕ್ ನಗರ ಕೂಡ ಇದೇ ಮಾದರಿಯನ್ನು ಪ್ರಯೋಗ ಮಾಡಿ ನೋಡಿತು.

2019ರಲ್ಲಿ ಅಧ್ಯಕ್ಷ ಲೋಪೆಸ್ ಒಬ್ರಾಡೋರ್ ಅದನ್ನು ನಿಲ್ಲಿಸಿದರು. ಮಧ್ಯವರ್ತಿಗಳು ಬೇಡ, ಷರತ್ತೂ ಬೇಡ ಅಂದರು. ಸಭೆ, ಕ್ಯೂ ಅಂತ ತಾಯಂದಿರ ಸಮಯ ಹಾಳಾಗ್ತಿದ್ದದ್ದು ಸುಳ್ಳೇನಲ್ಲ. ಆದರೆ ನಿಲ್ಲಿಸುವ ಮುಂಚೆ ಯಾವ ಹಳ್ಳಿಯನ್ನು ಯಾವ ಹಳ್ಳಿಯ ಜೊತೆ ಹೋಲಿಸಿದರು? ಅದರ ಜಾಗಕ್ಕೆ ಬಂದ ಸ್ಕಾಲರ್‌ಶಿಪ್ ಯೋಜನೆಯಲ್ಲಿ ಕ್ಲಿನಿಕ್ಕಿನ ಮಾತೇ ಇರಲಿಲ್ಲ. ಕೆಳ ತರಗತಿಗಳಿಗೆ ಮನೆಗೊಂದೇ ಸ್ಕಾಲರ್‌ಶಿಪ್, ಓದೋ ಮಕ್ಕಳು ಮೂವರಿದ್ದರೂ ಒಂದೇ.