ವಿಮಾನವಿದ್ಯೆಯ ಇತಿಹಾಸವೂ ಗ್ರಂಥಪ್ರಾಮಾಣ್ಯವೂ



ನಮ್ಮ ಪೂರ್ವಜರು ಸಾವಿರಾರು ವರ್ಷಗಳ ಹಿಂದೆಯೇ ವಿಮಾನ ಹಾರಿಸಿದ್ದರೆಂಬ ಮಾತನ್ನು ನೀವೂ ಕೇಳಿರಬಹುದು. ಶ್ರಾವಣದ ಪ್ರವಚನ ಮುಗಿದ ಒಂದು ರಾತ್ರಿ ಮುಧೋಳದ ತರುಣನೋರ್ವನು ಮೊಬೈಲಿನಲ್ಲಿ ‘ವೈಮಾನಿಕ ಶಾಸ್ತ್ರ’ದ ಚಿತ್ರಗಳನ್ನು ತೋರಿಸಿ, ನಾಳೆ ಇದನ್ನೇ ಹೇಳಬೇಕೆಂದು ಬಿನ್ನವಿಸಿದನು. ಓದದೆ ಹೇಳುವುದು ಧರ್ಮಪೀಠಕ್ಕೆ ತಕ್ಕುದಲ್ಲ. ಆದುದರಿಂದ ಅಂತರಜಾಲದ ಗ್ರಂಥಭಂಡಾರಗಳಲ್ಲಿ ದೊರೆಯುವ ಆ ಪುಸ್ತಕವನ್ನೂ ಅದರ ವಿಮರ್ಶೆಯನ್ನೂ ತೆರೆದು ನೋಡಿದೆವು.

ಗ್ರಂಥವು ಭರದ್ವಾಜ ಮಹರ್ಷಿಯ ಹೆಸರಿನಲ್ಲಿದೆ. ಆದರೆ ಅದನ್ನು ಹೇಳಿ ಬರೆಯಿಸಿದವರು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು. ಬರೆದುಕೊಂಡವರು ವೆಂಕಟಾಚಲ ಶರ್ಮರು. ಚಿತ್ರಗಳನ್ನು ೧೯೨೩ರಲ್ಲಿ ರಚಿಸಿದವರು ಬೆಂಗಳೂರಿನ ನಕ್ಷೆಗಾರ ಎಲ್ಲಪ್ಪನವರು. ಮೈಸೂರಿನ ಜಿ. ಆರ್. ಜೋಸ್ಯರ್ ಅವರು ಇಂಗ್ಲಿಷ್ ಅನುವಾದದೊಡನೆ ೧೯೭೩ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ ಮೊದಲಾದ ಐವರು ವಿದ್ವಾಂಸರು ಅದನ್ನು ಪರಾಮರ್ಶಿಸಿದರು. ಭಾಷೆಯನ್ನೂ ನೋಡಿದರು, ಯಂತ್ರರಚನೆಯನ್ನೂ ನೋಡಿದರು. ಅದರ ಸಂಸ್ಕೃತವು ವೇದಕಾಲದ್ದಲ್ಲ; ಕೃತಿಯು ೧೯೦೪ಕ್ಕಿಂತ ಹಿಂದಿನದಲ್ಲ; ಶಕುನ, ಸುಂದರ, ರುಕ್ಮ, ತ್ರಿಪುರವೆಂಬ ನಾಲ್ಕು ವಿಮಾನಗಳಲ್ಲಿ ಒಂದೂ ಹಾರಲಾರದು ಎಂಬುದು ಅವರ ನಿರ್ಣಯ. ಶಾಸ್ತ್ರಿಗಳು ವಂಚಕರೆಂದು ನಾವು ಹೇಳುವುದಿಲ್ಲ. ಕಂಡದ್ದನ್ನು ನಂಬಿ ನುಡಿದಿರಬಹುದು. ಆದರೆ ನಂಬುಗೆಯೇ ಇತಿಹಾಸವಾಗದು.

ಇನ್ನು ರೈಟ್ ಸಹೋದರರನ್ನು ನೋಡಿರಿ. ೧೯೦೩ರ ಡಿಸೆಂಬರ್ ೧೭ರಂದು ಅವರ ಮೊದಲ ಹಾರಾಟವು ೧೨ ಸೆಕೆಂಡು, ೧೨೦ ಅಡಿ ಮಾತ್ರ. ಆದರೆ ಅವರ ಪತ್ರಗಳು, ಟಿಪ್ಪಣಿಗಳು, ಗಾಜಿನ ಫಲಕದ ಛಾಯಾಚಿತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದ್ದು, ಇಂದು ಬೀಳಗಿಯಲ್ಲಿ ಕುಳಿತವನೂ ಅವುಗಳನ್ನು ನೋಡಬಲ್ಲನು.

ಅಂತರಜಾಲದಲ್ಲಿದೆ ಎಂದ ಮಾತ್ರಕ್ಕೆ ಪುಸ್ತಕವು ಪ್ರಮಾಣವಾಗದು. ಅಚ್ಚಾದ ವರ್ಷವಾವುದು? ಮೂಲಪ್ರತಿ ಎಲ್ಲಿದೆ? ಬೇರೆ ಸಾಕ್ಷಿಯುಂಟೆ? ಹೀಗೆ ಕೇಳುವುದು ನಮಗೆ ಹೊಸದಲ್ಲ. ಡಾ. ಫ. ಗು. ಹಳಕಟ್ಟಿಯವರು ಜಮಖಂಡಿ ಸೀಮೆಯ ಗೋಠೆಯಲ್ಲಿ, ರಬಕವಿ-ಬನಹಟ್ಟಿಯಲ್ಲಿ ಮನೆಗಳ ತಾಳೆಗರಿ ಕಟ್ಟುಗಳನ್ನು ಬಿಚ್ಚಿಸಿ ನೋಡಿದವರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದದ್ದೂ ೧೯೨೩ರಲ್ಲಿಯೇ. ಅತ್ತ ಎಲ್ಲಪ್ಪನವರು ನಕ್ಷೆ ಬರೆಯುತ್ತಿದ್ದ ವರ್ಷವದು. ಒಂದರ ಬೆನ್ನಿಗೆ ತಾಳೆಗರಿಗಳಿದ್ದವು. ಇನ್ನೊಂದರ ಬೆನ್ನಿಗೆ ಒಬ್ಬರ ನುಡಿ ಮಾತ್ರವಿತ್ತು. ವಚನಗಳೂ ಕಲ್ಪಿತವೆಂದು ನಾಳೆ ಯಾರಾದರೂ ಆಡಿದರೆ ನಾವು ತೋರಿಸಬೇಕಾದುದು ಆ ಗರಿಗಳನ್ನೇ ಅಲ್ಲವೆ? ನಮ್ಮದಕ್ಕೆ ಒಂದು ಅಳತೆ, ಪರರದಕ್ಕೆ ಇನ್ನೊಂದು ಅಳತೆ ಸಲ್ಲದು.

ನಾಡಿನ ಹೆಮ್ಮೆಗೆ ದಿಟವಾದ ಸಂಗತಿಗಳೇ ಸಾಕಷ್ಟಿವೆ. ೧೯೩೨ರ ಅಕ್ಟೋಬರಿನಲ್ಲಿ ಟಾಟಾ ಸಂಸ್ಥೆಯ ಮೊದಲ ಅಂಚೆ ವಿಮಾನವು ಮುಂಬಯಿಯಿಂದ ಮದರಾಸಿಗೆ ಹೋದದ್ದು ನಮ್ಮ ಬಳ್ಳಾರಿಯಲ್ಲಿಳಿದು. ೧೯೪೦ರಲ್ಲಿ ವಾಲಚಂದ ಹಿರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಸ್ಥಾಪಿಸಿದರು.

ಮರುದಿನದ ಪ್ರವಚನದಲ್ಲಿ ಇವನ್ನೇ ಹೇಳಿದೆವು. ತರುಣನ ಮುಖ ಮೊದಲು ಬಾಡಿತು. ಆಮೇಲೆ ಆ ವಿಮರ್ಶೆಯನ್ನು ತಾನೂ ಓದುವೆನೆಂದು ಹೆಸರು ಬರೆದುಕೊಂಡು ಹೋದನು. ನೀವೂ ಓದಿರಿ.